ಲಗೂನ ಕುಡಿ, ಬಸ್ ಬಂತು!

ಪ್ರಶ್ನೆ: ನನಗೆ 43 ವರ್ಷ, ಹುಬ್ಬಳ್ಳಿಯಲ್ಲಿ ನೌಕರಿ. ಮನೆ ಸಾಲ ತೀರುವ ತನಕ ಬೇರೆ ಯಾವುದಕ್ಕೂ ತಲೆ ಕೊಡಬಾರದು ಎಂದುಕೊಂಡವನು. ಶಿರಸಿ ಮಾರಿಕಾಂಬಾ ಜಾತ್ರೆಗೆ ಹೋದಾಗಲೂ ದರ್ಶನ, ಊಟ, ಬಸ್ಸು ಎಂದು ಗಡಿಯಾರ ನೋಡುತ್ತಲೇ ಇದ್ದೆ. ಮಗಳು ಗೋಲಿ ಸೋಡಾ ಹಿಡಿದು ನಿಂತಿದ್ದಳು, ‘ಲಗೂನ ಕುಡಿ, ಬಸ್ ಬಂತು’ ಎಂದು ಗದರಿದೆ. ಅರ್ಧಕ್ಕೇ ಇಟ್ಟು ಬಂದಳು. ರಾತ್ರಿ ಹೆಂಡತಿ, ‘ನಿಮ್ಮ ಕೂಡ ಎಲ್ಲಿ ಹೋದ್ರೂ ಮುಟ್ಟೂದಷ್ಟ ಆಗ್ತದ, ಹೋಗೂದು ಆಗಂಗಿಲ್ರೀ’ ಅಂದಳು. ಅಂದಿನಿಂದ ನಿದ್ದೆ ಸರಿಯಿಲ್ಲ. ನಾನು ಒದ್ದಾಡುತ್ತಿರುವುದು ಇವರಿಗಾಗಿಯೇ ಅಲ್ಲವೇ?

ಉತ್ತರ: ಹೌದು, ಅವರಿಗಾಗಿಯೇ. ನಿಮ್ಮ ಹೆಂಡತಿ ಅದನ್ನು ಅಲ್ಲಗಳೆದಿಲ್ಲ. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆಯಲ್ಲಾದರೂ ನೀವು ಜೊತೆಗಿರಬೇಕಿತ್ತು ಎಂದರು, ಅಷ್ಟೇ.

ಅವಸರ ಮಾಡಲು ನೀವು ಆರಿಸಿಕೊಂಡ ಪಾನೀಯವೂ ಸರಿಯಿಲ್ಲ ಬಿಡಿ! ಇಂಗ್ಲೆಂಡಿನ ಹೈರಮ್ ಕಾಡ್ 1872ರಲ್ಲಿ ಪೇಟೆಂಟ್ ಪಡೆದ ಬಾಟ್ಲಿ ಅದು. ಒಳಗಿನ ಗ್ಯಾಸೇ ಗೋಲಿಯನ್ನು ಬಾಯಿಯ ರಬ್ಬರ್ ಉಂಗುರಕ್ಕೆ ಒತ್ತಿ ಹಿಡಿದಿರುತ್ತದೆ. ಗೋಲಿಯನ್ನು ಒಳಕ್ಕೆ ಒತ್ತಿದರೆ ‘ಟಪ್’ ಅಂದು ಕತ್ತಿಗೆ ಬೀಳುತ್ತದೆ, ನೊರೆ ಉಕ್ಕಿ ಕೈಯೆಲ್ಲ ಅಂಟಂಟು. ಕುಡಿಯುವಾಗ ಬಾಟ್ಲಿಯನ್ನು ಸರಿಯಾದ ಮಗ್ಗುಲಿಗೆ ತಿರುಗಿಸಿ, ಕತ್ತಿನ ತಗ್ಗಿನಲ್ಲಿ ಗೋಲಿ ಸಿಕ್ಕಿಕೊಳ್ಳುವಂತೆ ಓರೆ ಮಾಡಬೇಕು. ಗಟಗಟ ಎತ್ತಿದಿರೋ, ಗೋಲಿ ಉರುಳಿ ಬಂದು ದಾರಿಗಡ್ಡ ಕೂರುತ್ತದೆ. ಬಾಟ್ಲಿ ಅಂಗಡಿಯವನದು, ಹಿಡಿದುಕೊಂಡು ಬಸ್ ಹತ್ತುವಂತಿಲ್ಲ. ಅಲ್ಲೇ ನಿಂತು ಮುಗಿಸಿ ಕೊಡಬೇಕು. ಬಾಯಾರಿಕೆಗಾದರೆ ನೀರು ಸಾಕಿತ್ತು. ಮಕ್ಕಳಿಗೆ ಬೇಕಿರುವುದು ಆ ಟಪ್ ಸದ್ದು, ಮೂಗಿಗೇರುವ ಗ್ಯಾಸು, ಗೋಲಿ ಹೊರಗೆ ಬಂದೀತೇ ಎಂದು ಇಣುಕುವ ಆಟ. (ನಾನಂತೂ ಈಗಲೂ ಇಣುಕುತ್ತೇನೆ.)

ಹಾಗೆಂದು ಸಾಲ ಮರೆತು ಹಾಯಾಗಿರಿ ಎನ್ನುವಷ್ಟು ಹುಂಬಳಲ್ಲ ನಾನು. ಒಂದನೇ ತಾರೀಕಿಗೆ ಕಾಯುವವರಿಗೆ ಅಂಥ ಉಪದೇಶ ಮಾಡುವುದು ಸುಲಭ, ಮತ್ತು ತಪ್ಪು. ಕಂತು ಕಟ್ಟಿ. ಆದರೆ ತಿಂಗಳಿಗೊಮ್ಮೆ ಕಡಿತವಾಗುವ ಕಂತಿಗೆ ದಿನವಿಡೀ ಕಾವಲು ಕೂರಬೇಕಿಲ್ಲ. ಕೊನೆಯ ಕಂತು ಮುಗಿಯುವ ಹೊತ್ತಿಗೆ ಮಗಳ ವಯಸ್ಸೆಷ್ಟಾಗಿರುತ್ತದೆ ಎಂದು ಒಮ್ಮೆ ಲೆಕ್ಕ ಹಾಕಿ ನೋಡಿ. ಆಗ ಅವಳಿಗೆ ನಿಮ್ಮ ಜೊತೆ ಜಾತ್ರೆಗೆ ಬರಲು ಪುರುಸೊತ್ತು ಇರಬೇಕಲ್ಲ.

‘ಅವತ್ತು ಗದರಬಾರದಿತ್ತು’ ಎಂದು ಮಗಳಿಗೆ ಹೇಳಿ. ಸುತ್ತಿ ಬಳಸಿ ಬೇಡ, ಇದೇ ಮಾತು ಸಾಕು. ಬರುವ ಭಾನುವಾರ ಸಂಜೆ ಮೂವರೂ ನಿಮ್ಮೂರಿನ ತಿಂಡಿ ಬೀದಿ ದುರ್ಗದಬೈಲಿಗೆ ಹೋಗಿ. ಏನು ತಿನ್ನಬೇಕು, ಯಾವಾಗ ಮನೆಗೆ ಹೊರಡಬೇಕು ಎಂಬುದನ್ನು ಮಗಳೇ ನಿರ್ಧರಿಸಲಿ. ಮೊದಮೊದಲು ನಿಮ್ಮ ಕೈ ಫೋನಿನತ್ತ ಹೋಗುತ್ತದೆ, ಕಾಲು ಮನೆಯತ್ತ ಎಳೆಯುತ್ತದೆ. ಗಾಬರಿ ಬೇಡ, ವರ್ಷಗಳ ರೂಢಿ ಅದು. ಮುಂದಿನ ಪಯಣ ಯಾವ ಊರಿಗೆ ಎಂದು ಹೆಂಡತಿಯನ್ನು ಕೇಳಿ, ಅವರು ಹೇಳಿದ್ದನ್ನು ತಿದ್ದಲು ಹೋಗಬೇಡಿ.

ನಿದ್ದೆಯ ವಿಷಯ ಬೇರೆ. ಇನ್ನೂ ಒಂದೆರಡು ವಾರ ಹೀಗೇ ಮುಂದುವರಿದರೆ ವೈದ್ಯರನ್ನು ಕಾಣಿ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೂ ಕರೆ ಮಾಡಬಹುದು. ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಸಾಲದ ಚಿಂತೆಯನ್ನೂ ಅಲ್ಲಿ ಹೇಳಿಕೊಳ್ಳಿ, ಮುಚ್ಚಿಡಬೇಡಿ.