ನೇರ ಗೆರೆಯಲ್ಲಿ ನೀರು

‘ಇಷ್ಟ ಬಂದದ್ದು ಬರೀರಿ’ ಅಂದರೆ ಸಾಕು, ಮಕ್ಕಳ ಸೃಜನಶೀಲತೆ ತಾನಾಗಿ ಅರಳುತ್ತದೆ ಎಂದು ನಂಬುವ ಡ್ರಾಯಿಂಗ್ ಮೇಷ್ಟ್ರುಗಳು ಬಹಳ. ಸಾಗರ ತಾಲ್ಲೂಕಿನ ಹೈಸ್ಕೂಲಿನಲ್ಲಿ ನಾನು ಕಂಡದ್ದೇ ಬೇರೆ. ಹಾಗೆ ಬಿಟ್ಟಾಗಲೆಲ್ಲ ಎರಡು ಗುಡ್ಡ, ನಡುವೆ ಸೂರ್ಯ, ಪಕ್ಕಕ್ಕೊಂದು ತೆಂಗಿನಮರ. ಮಲೆನಾಡಿನ ಮಕ್ಕಳ ಹಾಳೆಯಲ್ಲಿ ಅಡಿಕೆಮರವೂ ಇಲ್ಲ, ಮಳೆಯೂ ಇಲ್ಲ.

ನಮ್ಮ ಕಡೆ ದೀವರ ಮನೆಗಳಲ್ಲಿ ಹೆಂಗಸರು ಹಸೆ ಚಿತ್ತಾರ ಬರೆಯುತ್ತಾರೆ. ಕೆಮ್ಮಣ್ಣು ಬಳಿದ ಗೋಡೆ, ಅರೆದ ಅಕ್ಕಿಯ ಬಿಳಿ, ಕಪ್ಪಾಗುವಂತೆ ಹುರಿದ ಅಕ್ಕಿಯ ಕಪ್ಪು, ಗುರಿಗೆ ಬೀಜದ ಹಳದಿ; ಕುಂಚಕ್ಕೆ ಪುಂಡಿ ನಾರು. ಬಹುಪಾಲು ನೇರ ಗೆರೆಗಳೇ. ಮದುಮಕ್ಕಳು ಕೂಡ ತ್ರಿಕೋನಗಳಲ್ಲೇ ಮೂಡುತ್ತಾರೆ. ಇಷ್ಟು ಕಟ್ಟುಪಾಡಿದ್ದರೂ ಒಬ್ಬ ಚಿತ್ತಾರಗಿತ್ತಿಯ ಗೋಡೆ ಇನ್ನೊಬ್ಬಳ ಗೋಡೆಯಂತಿರುವುದಿಲ್ಲ.

ಎಂಟನೇ ತರಗತಿಯ ಹುಡುಗಿಯೊಬ್ಬಳ ಅಜ್ಜಿಯನ್ನು ಶಾಲೆಗೆ ಕರೆಸಿದೆ. ಜಗಲಿಯ ಮೇಲೆ ಕೂತು, ‘ಒತ್ತಬೇಡ ಮಗಾ, ನಾರನ್ನ ಎಳ್ಕೊಂಡು ಹೋಗು’ ಎನ್ನುತ್ತ ಗಂಡುಹುಡುಗರ ಕೈಯನ್ನೂ ತಿದ್ದಿದರು. ಹಿಟ್ಟು ತೆಳುವಾದರೆ ಗೆರೆ ಹರಡುತ್ತದೆ, ದಪ್ಪವಾದರೆ ನಡುವೆಯೇ ತುಂಡಾಗುತ್ತದೆ. ಮುಂದಿನ ಕೆಲವು ಪೀರಿಯಡ್ಡು ಬರೀ ಗೆರೆ ಎಳೆಸಿದೆ. ಇಂಥ ಸಾಧನೆ ಕಲ್ಪನೆಯನ್ನು ಕೊಲ್ಲುತ್ತದೆ ಎನ್ನುವವರ ಮಾತು ನಾನು ಒಪ್ಪುವುದಿಲ್ಲ. ಕೈ ಅಳುಕುವ ಮಗು ಹೊಸದಕ್ಕೆ ಕೈಹಾಕುವುದೇ ಇಲ್ಲ.

ಆಮೇಲೂ ಚಿತ್ತಾರದ ನಕಲು ಮಾಡಿಸಲಿಲ್ಲ. ಶಾಲೆಗೆ ಬರುವ ದಾರಿಯಲ್ಲಿ ಕಂಡದ್ದನ್ನು ಬರೆಯಬೇಕು. ನೇರ ಗೆರೆ ಮಾತ್ರ, ಎರಡೇ ಬಣ್ಣ. ಆಗಿನ್ನೂ ಶರಾವತಿ ಹಿನ್ನೀರಿಗೆ ಸೇತುವೆ ಆಗಿರಲಿಲ್ಲ, ಅದು ತೆರೆದದ್ದು 2025ರ ಜುಲೈಯಲ್ಲಿ. ಲಾಂಚಿನಲ್ಲಿ ಹೊಳೆ ದಾಟಿ ಬರುತ್ತಿದ್ದ ಹುಡುಗನೊಬ್ಬ ಎದ್ದು ನಿಂತ: ‘ಸರ್, ನೀರು ನೆಟ್ಟಗಿರೋದಿಲ್ವಲ್ಲ, ಹೆಂಗೆ ಬರೀಲಿ?’ ಉತ್ತರ ನಾಲಿಗೆಯ ತುದಿಗೆ ಬಂದಿತ್ತು. ‘ನಾಳೆ ಲಾಂಚಿನಿಂದ ಬಗ್ಗಿ ನೋಡು, ಕಂಬಿ ಮಾತ್ರ ಗಟ್ಟಿ ಹಿಡ್ಕೋ’ ಎಂದಷ್ಟೇ ಹೇಳಿದೆ.

ಮುಂದಿನ ವಾರ ಅವನ ಹಾಳೆಯಲ್ಲಿ ದೂರದ ನೀರು ಉದ್ದುದ್ದ ಅಡ್ಡಗೆರೆಗಳಾಗಿತ್ತು. ಲಾಂಚಿನ ಹತ್ತಿರ ಬರುತ್ತಿದ್ದಂತೆ ಗೆರೆ ಮುರಿದು, ಓರೆಯಾಗಿ, ಕೊನೆಗೆ ಚಿಕ್ಕಚಿಕ್ಕ ಚೂರು. ಲಾಂಚಿನ ಮೇಲೆ ಒಂದು ಬಸ್ಸು, ಅದರ ಕಿಟಕಿಗಳ ತುಂಬ ತ್ರಿಕೋನದ ಜನ. ಅಡ್ಡಗೆರೆಯೆಂದು ನಾನೇ ಹೇಳಿಕೊಟ್ಟಿದ್ದರೆ ಆ ಮುರಿದ ಗೆರೆ ಹುಟ್ಟುತ್ತಿರಲಿಲ್ಲ. ಎಲ್ಲಿ ಬಿಗಿಯಬೇಕು, ಎಲ್ಲಿ ಬಾಯಿ ಮುಚ್ಚಿಕೊಂಡಿರಬೇಕು ಎಂಬುದನ್ನು ಯಾವ ತರಬೇತಿಯಲ್ಲೂ ನಾನು ಕಲಿತಿರಲಿಲ್ಲ.

ಅಂಕ ಕೊಡುವುದೇ ಕಷ್ಟದ ಕೆಲಸ. ಅದಕ್ಕೆಂದೇ ಹಾಳೆಯ ಹಿಂದೆ ‘ಎಲ್ಲಿ ತಡವರಿಸಿದೆ, ಏನು ಮಾಡಿದೆ’ ಎಂದು ಎರಡು ಸಾಲು ಬರೆಸುತ್ತೇನೆ. ಡ್ರಾಯಿಂಗಿನ ಲೋಯರ್ ಗ್ರೇಡ್ ಪರೀಕ್ಷೆಗೆ ಕೂರುವ ಜಾಣರೂ ಬರೆಯಲೇಬೇಕು. ಪಕ್ಕದವರ ನಕಲು ಅಲ್ಲಿ ಸಿಕ್ಕಿಬೀಳುತ್ತದೆ. ಗೆರೆ ಸೊಟ್ಟಗಿದ್ದರೂ ತಲೆ ಓಡಿಸಿದ ಮಗು ಯಾವುದೆಂದೂ ಅಲ್ಲೇ ತಿಳಿಯುತ್ತದೆ.