ಹ್ಯಾಂಡಲ್ ಬದಲಿಸಲು ಹೊರಟ ತಮ್ಮನಿಗೆ

ಬೀದರಿನಿಂದ ಔರಾದ್ ದಾಟಿ ನಾಂದೇಡ್ ಕಡೆಗೋ, ಹುಮನಾಬಾದಿಗೆ ಇಳಿದು ಸೋಲಾಪುರದ ಹೆದ್ದಾರಿಗೋ ಗಾಡಿ ಬಿಡುವ ಹುಡುಗರು ಈಗ ಬಹಳ. ಮರಳಿ ಬಂದ ಮೇಲೆ ಎಲ್ಲರದೂ ಒಂದೇ ರಾಗ: ಕೈ ಜೋಮು ಹಿಡೀತು, ಹೆಗಲು ಸೇದ್ತದ, ಹ್ಯಾಂಡಲ್ ಬದಲಿಸಬೇಕು. ಬದಲಿಸು ತಮ್ಮಾ, ಬೇಡ ಅನ್ನುವುದಿಲ್ಲ. ಅಂಗಡಿಗೆ ಹೋಗುವ ಮುಂಚೆ ಇಷ್ಟು ಕೇಳಿಸಿಕೊ.

• ನೋವು ಎಲ್ಲಿದೆ ನೋಡು. ಕಿರುಬೆರಳು, ಉಂಗುರ ಬೆರಳು ಜೋಮು ಹಿಡಿದರೆ ಅಂಗೈ ಬುಡದ ಮೇಲೆ ಮೈಭಾರ ಬಿದ್ದು ನರ ಒತ್ತುತ್ತಿದೆ ಎಂದು ತಿಳಿ. ಎರಡೂ ಹೆಗಲ ನಡುವೆ ಹಿಡಿದರೆ ಹ್ಯಾಂಡಲ್ ದೂರ ಇರಬೇಕು. ಬರೀ ಸೊಂಟ ನೋಯುತ್ತಿದ್ದರೆ ಸೀಟು, ಹಿಂದಿನ ಶಾಕ್ ನೋಡಿಸು. ಇಡೀ ಕೈ ಝುಂ ಅಂದರೆ ಎಂಜಿನ್ ಮೌಂಟಿಂಗ್ ಬೋಲ್ಟು, ಕೋನ್‌ಸೆಟ್ಟು ಸಡಿಲಾಗಿದೆಯೇ ಎಂದು ಪರೀಕ್ಷಿಸು. ಆ ರೋಗಕ್ಕೆ ಹೊಸ ಹ್ಯಾಂಡಲ್ ಮದ್ದಲ್ಲ.

• ದುಡ್ಡು ಬೇಡದ ಕೆಲಸ ಮೊದಲು. ಕ್ಲಾಂಪಿನ ನಾಲ್ಕು ಬೋಲ್ಟು ಸಡಿಲಿಸಿ ಹ್ಯಾಂಡಲನ್ನು ಚೂರು ನಿನ್ನ ಕಡೆ ತಿರುಗಿಸು. ಆಮೇಲೆ ಬ್ರೇಕ್, ಕ್ಲಚ್ ಲಿವರುಗಳನ್ನು ಮೊಣಕೈಯಿಂದ ಬೆರಳ ತುದಿಯವರೆಗೆ ಒಂದೇ ಗೆರೆ ಬರುವಂತೆ ಕೂರಿಸು. ಲಿವರ್ ಮೇಲೆದ್ದಿದ್ದರೆ ಮಣಿಕಟ್ಟು ಹಿಂದಕ್ಕೆ ಮಡಚಿಕೊಂಡೇ ಇರುತ್ತದೆ, ನೋಯದೆ ಏನು ಮಾಡೀತು? ಹಲವರ ತಕರಾರು ಇಲ್ಲಿಗೇ ತೀರುತ್ತದೆ.

• ತೀರದಿದ್ದರೆ ಹ್ಯಾಂಡಲನ್ನು ಮೇಲೆತ್ತುವ ರೈಸರ್. 20ರಿಂದ 30 ಮಿ.ಮೀ. ಎತ್ತರದ್ದು ಸಾಕು. ಮೂಲ ಹ್ಯಾಂಡಲ್ ಹಾಗೇ ಉಳಿಯುತ್ತದೆ.

• ಹ್ಯಾಂಡಲನ್ನೇ ಬದಲಿಸುವುದಾದರೆ ಅಳತೆ ತೆಗೆ. ಗಾಡಿಯನ್ನು ನೇರ ನಿಲ್ಲಿಸಿ ಒಬ್ಬ ಹಿಡಿದುಕೊಳ್ಳಲಿ. ದಾರಿಗೆ ಹಾಕುವ ಜಾಕೆಟ್ ತೊಟ್ಟು ಕೂತು, ಕಾಲನ್ನು ಫುಟ್‌ರೆಸ್ಟ್ ಮೇಲಿಟ್ಟು, ಕಣ್ಣು ಮುಚ್ಚಿ, ಹೆಗಲು ಬಿಟ್ಟು, ಕೈ ತಾನಾಗಿ ಎಲ್ಲಿಗೆ ಹೋಗುತ್ತದೋ ಅಲ್ಲಿಗೆ ಬಿಡು. ಮುಷ್ಟಿಗೂ ಈಗಿನ ಗ್ರಿಪ್ಪಿಗೂ ಎಷ್ಟು ಅಂತರ ಇದೆಯೆಂದು ಇನ್ನೊಬ್ಬ ಟೇಪು ಹಿಡಿದು ಬರೆದುಕೊಳ್ಳಲಿ: ಮೇಲಕ್ಕೆಷ್ಟು, ಹಿಂದಕ್ಕೆಷ್ಟು, ಅಗಲಕ್ಕೆಷ್ಟು. ಗೆಳೆಯನ ಗಾಡಿಯಲ್ಲಿ ಚೆಂದ ಕಂಡಿತು ಅಂತ ಕೊಳ್ಳಬೇಡ. ನೊಗವನ್ನು ಎತ್ತಿನ ಹೆಗಲು ನೋಡಿ ಮಾಡಿಸುತ್ತಾರೆ, ಪಕ್ಕದ ಹೊಲದವನ ಎತ್ತು ನೋಡಿ ಅಲ್ಲ.

• ಎತ್ತರದ ಆಸೆ ಬೇಡ. ಹ್ಯಾಂಡಲ್ ತೀರ ಮೇಲಾದರೆ ಬೆನ್ನು ಸೆಟೆದು ಭಾರವೆಲ್ಲ ಬಾಲಮೂಳೆಯ ಮೇಲೆ ಕೂರುತ್ತದೆ. ಒಂದೊಂದು ಗುಂಡಿಯೂ ಬೆನ್ನಿಗೇ ಬಡಿಯುತ್ತದೆ. ಹೆದ್ದಾರಿಯ ವೇಗದಲ್ಲಿ ಎದುರುಗಾಳಿ ಎದೆಗೆ ತುಂಬಿದರೆ ಮುಷ್ಟಿ ಬಿಗಿಯಲೇಬೇಕು, ಜೋಮು ಮತ್ತೆ ಶುರು.

• ಅಗಲ ಹೆಚ್ಚಾದರೆ ಕಚ್ಚಾ ದಾರಿಯಲ್ಲಿ ಹಿಡಿತ ಚೆನ್ನ. ಆದರೆ ಬೀದರಿನ ಚೌಬಾರಾ ಸುತ್ತಿನ ಗಲ್ಲಿಗಳಲ್ಲಿ, ಭಾಲ್ಕಿಯ ಬಜಾರಿನಲ್ಲಿ ತಿರುಗಿಸಿ ನೋಡು. ಕಬ್ಬಿನ ಹಂಗಾಮಿನಲ್ಲಿ ಟ್ರಾಲಿಯ ಆಚೀಚೆ ಕಬ್ಬು ಚಾಚಿಕೊಂಡಿರುತ್ತದೆ, ಅದರ ಪಕ್ಕ ನುಸುಳುವಾಗ ನಾಲ್ಕು ಬೆರಳು ಅಗಲವೂ ಲೆಕ್ಕಕ್ಕೆ ಬರುತ್ತದೆ.

• ಪೈಪಿನ ದಪ್ಪ ಕೇಳದೆ ದುಡ್ಡು ಕೊಡಬೇಡ. ನಮ್ಮ ಹೆಚ್ಚಿನ ಗಾಡಿಗಳಿಗೆ 22 ಮಿ.ಮೀ. ಹ್ಯಾಂಡಲ್. ನಡುವೆ 28.6 ಮಿ.ಮೀ. ದಪ್ಪ ಇದ್ದು ತುದಿಗೆ 22ಕ್ಕೆ ಇಳಿಯುವುದೂ ಉಂಟು, ಅದಕ್ಕೆ ಕ್ಲಾಂಪೇ ಬೇರೆ. ಹೈದರಾಬಾದಿಗೆ ಹೋಗಿ ತರುವುದಾದರೆ ಹಳೆಯ ಹ್ಯಾಂಡಲನ್ನೇ ಬಿಚ್ಚಿ ಒಯ್ಯಿ. ಬಿದ್ದು ಬಾಗಿದ್ದನ್ನು ಬಡಿದು ನೇರ ಮಾಡಿದ ಮಾಲು ಅಗ್ಗಕ್ಕೆ ಸಿಗುತ್ತದೆ. ಅಲ್ಯೂಮಿನಿಯಂ ಆಗಿದ್ದರಂತೂ ಮುಟ್ಟಬೇಡ, ಮುರಿಯುವಾಗ ಹೇಳಿ ಮುರಿಯುವುದಿಲ್ಲ.

• ಕೂರಿಸುವಾಗ ಅವಸರ ಬೇಡ. ಟ್ಯಾಂಕಿನ ಮೇಲೆ ದಪ್ಪ ಬಟ್ಟೆ ಹಾಸು. ಬ್ರೇಕ್ ಆಯಿಲ್ ಒಂದು ಹನಿ ಬಿದ್ದರೂ ಬಣ್ಣ ತಿನ್ನುತ್ತದೆ. ಸ್ವಿಚ್ ಡಬ್ಬಿಯೊಳಗೆ ಸಣ್ಣ ಮೊಳೆಯಂಥದೊಂದು ಇರುತ್ತದೆ, ಹ್ಯಾಂಡಲಿನ ತೂತಿಗೆ ಅದು ಕೂತರೇ ಸ್ವಿಚ್ ತಿರುಗದೆ ನಿಲ್ಲುವುದು. ಹೊಸದರಲ್ಲಿ ತೂತಿಲ್ಲದಿದ್ದರೆ ಲಿವರು, ಸ್ವಿಚ್ಚು ಎಲ್ಲ ಹೊಂದಿಸಿ, ಗುರುತು ಮಾಡಿ, ಕೊನೆಗೆ ಕೊರೆ. ಮೊದಲೇ ಕೊರೆದರೆ ಎರಡನೇ ತೂತು ಖಂಡಿತ. ಬಾಗಿದ ಜಾಗದಲ್ಲಿ, ಕ್ಲಾಂಪಿನ ಹತ್ತಿರ ಡ್ರಿಲ್ ತಾಗಿಸಲೇಬೇಡ. ಎಕ್ಸಲರೇಟರ್ ಕಡೆಯ ತುದಿಯನ್ನು ಪಾಲಿಶ್ ಕಾಗದದಿಂದ ಉಜ್ಜು. ಗೀರು ಉಳಿದರೆ ಎಕ್ಸಲರೇಟರ್ ಬಿಟ್ಟ ಮೇಲೂ ಹಿಂದಿರುಗದು. ಕ್ಲಾಂಪಿನ ಬೋಲ್ಟುಗಳನ್ನು ಸ್ವಲ್ಪ ಸ್ವಲ್ಪವಾಗಿ, ಒಂದಾದ ಮೇಲೊಂದು, ಮ್ಯಾನ್ಯುಯಲ್ಲಿನಲ್ಲಿ ಬರೆದಷ್ಟೇ ಬಿಗಿ ಮಾಡು. ಉದ್ದ ಪಾನಾ ಹಾಕಿ ನೇತಾಡುವ ಶೂರರು ಬೋಲ್ಟಿನ ಥ್ರೆಡ್ ಕೆಡಿಸಿಬಿಡುತ್ತಾರೆ.

• ನಿಜವಾದ ಅಪಾಯ ಕೇಬಲಿನಲ್ಲಿ. ಮುಂದಿನ ಚಕ್ರ ಎತ್ತಿ, ಎಂಜಿನ್ ಚಾಲೂ ಇಟ್ಟು, ಹ್ಯಾಂಡಲನ್ನು ಎಡಕ್ಕೆ ಪೂರ್ತಿ, ಬಲಕ್ಕೆ ಪೂರ್ತಿ ತಿರುಗಿಸು. ಎಂಜಿನ್ ಸದ್ದು ಏರಿದರೆ ಎಕ್ಸಲರೇಟರ್ ಕೇಬಲ್ ಎಳೆಯುತ್ತಿದೆ ಅಂತ ಅರ್ಥ. ಔರಾದ್ ದಾರಿಯ ತಿರುವಿನಲ್ಲಿ ಗಾಡಿ ತಾನೇ ಓಡುತ್ತದೆ. ಕ್ಲಚ್ ಕೇಬಲಿಗೆ ಆಟ ಇರಲಿ. ಬ್ರೇಕಿನ ಹೋಸ್ ಬಿಗಿದು ನಿಂತರೆ ಉದ್ದದ್ದನ್ನು ಹಾಕಿಸು, ಎಳೆದು ಹೊಂದಿಸಬೇಡ. 2019ರ ಏಪ್ರಿಲ್‌ನಿಂದ ಈಚೆಗಿನ 125 ಸಿಸಿಗೂ ಮೇಲಿನ ಗಾಡಿಗಳಲ್ಲಿ ಎಬಿಎಸ್ ಇರುತ್ತದೆ. ಹೋಸ್ ಬದಲಿಸಿದ ಮೇಲೆ ಆ ಬ್ರೇಕಿನ ಗಾಳಿ ತೆಗೆಯಲು ಬಲ್ಲ ಮೆಕಾನಿಕ್ಕೇ ಬೇಕು.

• ಮೊದಲ ಓಟ ಭಾಲ್ಕಿಗೆ, ಸುಮಾರು 40 ಕಿ.ಮೀ. ಪಾನಾ ಜೇಬಿನಲ್ಲಿರಲಿ. ಅಲ್ಲಿ ಚಹಾ ಕುಡಿದು ಬೋಲ್ಟು ಮತ್ತೊಮ್ಮೆ ಮುಟ್ಟಿ ನೋಡು, ಲಿವರ್ ಚೂರು ಸರಿಸಬೇಕಿದ್ದರೆ ಸರಿಸು. ಎರಡು ಜಿಲ್ಲೆ ದಾಟುವ ಪ್ರವಾಸದ ಹಿಂದಿನ ಸಂಜೆ ಹ್ಯಾಂಡಲ್ ಹಾಕಿಸಿಕೊಂಡವನ ಪಾಡು ಕೇಳಲೇಬೇಡ.

• ಕಾಯ್ದೆ ಮರೆಯಬೇಡ. ಆರ್‌ಸಿ ವಿವರಕ್ಕೆ ಹೊಂದದಂತೆ ಗಾಡಿ ಬದಲಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಲ್ಲಿ ತಡೆ ಇದೆ. 2019ರ ತಿದ್ದುಪಡಿಯ ನಂತರ ನಿಯಮ ಮೀರಿದ ಪ್ರತಿ ಬದಲಾವಣೆಗೂ 5,000 ರೂ. ದಂಡ. ಇಲ್ಲಿ ನಾಲ್ಕು ಗೇರು ಹಾಕುವಷ್ಟರಲ್ಲಿ ತೆಲಂಗಾಣ, ಇಲ್ಲವೇ ಮಹಾರಾಷ್ಟ್ರ. ಕೆಎ 38, ಕೆಎ 39 ನಂಬರು ಕಂಡರೆ ಅಲ್ಲಿಯ ಪೊಲೀಸರ ಕಣ್ಣು ಬೀಳುತ್ತದೆ. ಗಾಡಿ ಕಂಪನಿಯೇ ಮಾರುವ ಹ್ಯಾಂಡಲ್ ತೆಗೆದುಕೊಂಡು ಬಿಲ್ಲು ಇಟ್ಟುಕೊ. ಹಳೆಯ ಹ್ಯಾಂಡಲನ್ನು ಗುಜರಿಗೆ ಹಾಕಬೇಡ, ಗಾಡಿ ಮಾರುವ ದಿನ ಕೊಳ್ಳುವವನು ಅದನ್ನೇ ಕೇಳುತ್ತಾನೆ.