ಹಿಮಗಡಲಿನ ಕಿಣ್ವಗಳು

ಚಳಿಗಾಲದಲ್ಲಿ ರುಬ್ಬಿಟ್ಟ ದೋಸೆಹಿಟ್ಟು ಬೇಗ ಹುದುಗು ಬರುವುದಿಲ್ಲ. ಹಿಟ್ಟಿನಲ್ಲಿರುವ ಸೂಕ್ಷ್ಮಜೀವಿಗಳು ಸತ್ತಿರುವುದಿಲ್ಲ; ಅವುಗಳ ಕಿಣ್ವಗಳ ಕೆಲಸ ನಿಧಾನವಾಗಿರುತ್ತದೆ. ಕಿಣ್ವವೆಂದರೆ ಜೀವಕೋಶದಲ್ಲಿ ಉತ್ಪತ್ತಿಯಾಗಿ, ರಾಸಾಯನಿಕ ಕ್ರಿಯೆಗಳ ವೇಗವನ್ನು ಹೆಚ್ಚಿಸುವ ಪ್ರೋಟೀನು. ಉಷ್ಣತೆ ಇಳಿದಂತೆ ಸಾಮಾನ್ಯ ಕಿಣ್ವಗಳ ಚಟುವಟಿಕೆಯೂ ಕುಂದುತ್ತದೆ. ಹಾಗಾದರೆ ಸದಾ ಕೊರೆಯುವ ಕಡಲಿನಲ್ಲಿ ಸೂಕ್ಷ್ಮಜೀವಿಗಳು ಆಹಾರವನ್ನು ಜೀರ್ಣಿಸಿಕೊಳ್ಳುವುದು ಹೇಗೆ?

ಅಂಟಾರ್ಕ್ಟಿಕ ಖಂಡವನ್ನು ಸುತ್ತುವರಿದ ಸಮುದ್ರದ ನೀರು ಬಹು ತಣ್ಣಗಿರುತ್ತದೆ. ಉಪ್ಪಿನ ದೆಸೆಯಿಂದ ಅದು ಸೊನ್ನೆಗಿಂತ ಸುಮಾರು 2 ಡಿಗ್ರಿ ಸೆಲ್ಸಿಯಸ್ ಕೆಳಗಿಳಿದಾಗ ಮಾತ್ರ ಹೆಪ್ಪುಗಟ್ಟುತ್ತದೆ. ಅಲ್ಲಿಯೂ ಬ್ಯಾಕ್ಟೀರಿಯಗಳು ಬಾಳುತ್ತವೆ. ಅವುಗಳಲ್ಲಿ ಅನೇಕಕ್ಕೆ ಸತ್ತ ಪಾಚಿಗಳೇ ಆಹಾರ. ಪಾಚಿಗಳಲ್ಲಿ ಬಹುಶರ್ಕರಗಳು ಹೇರಳವಾಗಿವೆ. ಸಕ್ಕರೆಯ ಚಿಕ್ಕ ಅಣುಗಳು ಸರಪಳಿಯ ಕೊಂಡಿಗಳಂತೆ ಕೂಡಿಕೊಂಡು ಬಹುಶರ್ಕರವಾಗುತ್ತದೆ. ಅಕ್ಕಿಯ ಪಿಷ್ಟ, ಹತ್ತಿಯ ಸೆಲ್ಯುಲೋಸ್, ಕೆಂಪು ಪಾಚಿಯ ಅಗರ್ ಇದಕ್ಕೆ ನಿದರ್ಶನಗಳು. ಇಂತಹ ದೊಡ್ಡ ಅಣು ಬ್ಯಾಕ್ಟೀರಿಯದ ಕೋಶದೊಳಕ್ಕೆ ಸುಲಭವಾಗಿ ಹೋಗಲಾರದು. ಆದುದರಿಂದ ಬ್ಯಾಕ್ಟೀರಿಯ ಕಿಣ್ವವನ್ನೇ ಹೊರಗೆ ಸ್ರವಿಸುತ್ತದೆ. ಕಿಣ್ವವು ಸರಪಳಿಯನ್ನು ತುಂಡರಿಸುತ್ತದೆ. ಚಿಕ್ಕ ತುಂಡುಗಳು ಕೋಶದೊಳಗೆ ಸೇರುತ್ತವೆ. ಈ ಕಾರ್ಯ ನಿಂತುಹೋದರೆ ಸತ್ತ ಪಾಚಿಗಳಲ್ಲಿರುವ ಇಂಗಾಲವು ಜೀವಚಕ್ರಕ್ಕೆ ಹಿಂದಿರುಗುವುದು ಕುಂಠಿತವಾಗುತ್ತದೆ.

ಅಂಟಾರ್ಕ್ಟಿಕದ ಸಮುದ್ರದಲ್ಲಿ ದೊರೆತ ಒಂದು ಬ್ಯಾಕ್ಟೀರಿಯದ ಹೆಸರು ಸೂಡೋಆಲ್ಟರೊಮೊನಾಸ್ ಹ್ಯಾಲೊಪ್ಲಾಂಕ್ಟಿಸ್. ಪಿಷ್ಟವನ್ನು ಒಡೆಯುವ ಅದರ ಅಮೈಲೇಸ್ ಕಿಣ್ವದ ರಚನೆ 1998ರಲ್ಲಿ ಬೆಳಕಿಗೆ ಬಂದಿತು. ಹಂದಿಯ ಮೇದೋಜೀರಕ ಗ್ರಂಥಿಯ ಅಮೈಲೇಸನ್ನು ಅದು ಬಹುಮಟ್ಟಿಗೆ ಹೋಲುತ್ತದೆ. ಆದರೆ ಹಂದಿಯ ಕಿಣ್ವದ ಆಕಾರವನ್ನು ಬಿಗಿಹಿಡಿಯುವ ಗಂಧಕದ ಬಂಧಗಳು 5. ಕಡಲಿನ ಕಿಣ್ವದಲ್ಲಿ 4. ಆಕಾರವನ್ನು ಬಂಧಿಸುವ ಇತರ ಆಕರ್ಷಣೆಗಳೂ ಅದರಲ್ಲಿ ಕಡಿಮೆ. ಬಿಗಿ ಕಡಿಮೆಯಾದುದರಿಂದ ಅದು ಚಳಿಯಲ್ಲಿಯೂ ಮರಗಟ್ಟದೆ ಬಾಗಿ ಬಳುಕಿ ಕೆಲಸಮಾಡಬಲ್ಲದು.

ಆದರೆ ಈ ಲಾಭಕ್ಕೆ ಬೆಲೆ ತೆರಬೇಕಾಗಿದೆ. ಹಂದಿಯ ಕಿಣ್ವ ಸುಮಾರು 66 ಡಿಗ್ರಿ ಸೆಲ್ಸಿಯಸ್‌ನಲ್ಲಿ ರೂಪಗೆಡುತ್ತದೆ. ಕಡಲಿನ ಕಿಣ್ವ ಸುಮಾರು 44 ಡಿಗ್ರಿಯಲ್ಲಿಯೇ ರೂಪಗೆಡುತ್ತದೆ.

ಈ ಗುಣವೇ ಮನುಷ್ಯನಿಗೆ ಉಪಯುಕ್ತವಾಗಿದೆ. ಚಳಿಯಲ್ಲಿ ದುಡಿಯುವ ಕಿಣ್ವಗಳು ಬಟ್ಟೆಯ ಮೇಲಿನ ಪಿಷ್ಟದ ಕಲೆಗಳನ್ನು ತಣ್ಣೀರಿನಲ್ಲಿಯೇ ಬಿಡಿಸಬಲ್ಲವು. ನೀರು ಕಾಯಿಸುವ ಇಂಧನ ಉಳಿಯುತ್ತದೆ. ಆಹಾರ ತಯಾರಿಕೆಯಲ್ಲಿ ಅವುಗಳ ಕೆಲಸ ಮುಗಿದೊಡನೆ ಅಲ್ಪ ಶಾಖದಿಂದಲೇ ಅವನ್ನು ತಡೆಯಬಹುದು. ಬಿಸಿಯನ್ನು ತಾಳುವ ಬಲವನ್ನು ಬಿಟ್ಟುಕೊಟ್ಟು ಚಳಿಯಲ್ಲಿ ದುಡಿಯುವ ಬಲವನ್ನು ಪಡೆದ ಈ ಕಿಣ್ವಗಳು ಹಿಮಗಡಲಿನ ಜೀವರಾಶಿಗೆ ಆಧಾರವಾಗಿವೆ.